ಹಳೆಯ ಮದರಾಸು ರಸ್ತೆ ಮತ್ತು ಒಂದು ಟೈರು

ಪತ್ರಿಕೆಯ ಸಂಪಾದಕರು ಪ್ರತಿವರ್ಷವೂ ಜಾತ್ರೆಗೆ ಮುನ್ನ ಒಂದು ಲೇಖನವನ್ನು ಬೇಡುತ್ತಾರೆ. ಈ ಸಾರಿ ಪ್ರವಾಸದ ಅನುಭವವೊಂದನ್ನು ಬರೆದುಕೊಡಬೇಕೆಂದು ಅವರ ಅಪೇಕ್ಷೆ. ಕಾಶಿ, ಕೇದಾರ, ಶ್ರೀಶೈಲಗಳ ಯಾತ್ರೆಯನ್ನು ಕುರಿತು ಇದೇ ಪುಟಗಳಲ್ಲಿ ಹಿರಿಯರು ಅನೇಕರು ಬರೆದಿದ್ದಾರೆ. ಅವುಗಳಿಗೆ ನಾನು ಸೇರಿಸಬೇಕಾದುದು ಏನೂ ಇಲ್ಲ. ನಾನು ಬರೆಯಹೊರಟಿರುವುದು ಮೋಟಾರ್ ಸೈಕಲ್ಲಿನ ಒಂದು ಟೈರಿನ ವಿಷಯ. ಇದೇನು ಮಠದ ಪತ್ರಿಕೆಗೆ ತಕ್ಕ ವಿಷಯವೆ ಎಂದು ವಾಚಕ ಮಹಾಶಯರು ಹುಬ್ಬೇರಿಸಬಹುದು. ಕೊನೆಯವರೆಗೆ ಓದಿ ಆಮೇಲೆ ನಿರ್ಣಯಿಸಿರೆಂದು ಬಿನ್ನಹ.

ಇನ್ನೊಂದು ಮಾತು. ಪೀಠದಲ್ಲಿ ಕುಳಿತವರು ‘ನಾವು’ ಎಂದು ಬರೆಯುವುದು ನಮ್ಮಲ್ಲಿ ನಡೆದುಬಂದ ವಾಡಿಕೆ. ಆದರೆ ಇಲ್ಲಿ ಹೇಳಬೇಕಾದ ತಪ್ಪು ಪೀಠದ್ದಲ್ಲ, ಮಠದ್ದಲ್ಲ, ಒಬ್ಬನದು. ಆದಕಾರಣ ‘ನಾನು’ ಎಂದೇ ಬರೆಯುತ್ತೇನೆ, ಸಂಪಾದಕರು ತಿದ್ದಬಾರದು.

1994ರ ಮಾತು. ಆಗ ನನಗೆ ಇಪ್ಪತ್ತನಾಲ್ಕರ ವಯಸ್ಸು. ಪಾಠಶಾಲೆಯಲ್ಲಿ ಸಂಸ್ಕೃತವನ್ನೂ ವಿಶ್ವವಿದ್ಯಾಲಯದಲ್ಲಿ ಎಂ.ಎ. ಪದವಿಯನ್ನೂ ಮುಗಿಸಿ ಸಂಶೋಧನೆಗೆ ತೊಡಗಿದ್ದೆ. ಪಟ್ಟವಾಗಿರಲಿಲ್ಲ, ಆದರೆ ಕಾವಿ ಉಟ್ಟಿದ್ದೆ. ಊರವರು ‘ದೇವರು’ ಎಂದು ಕರೆಯುತ್ತಿದ್ದರು. ನನ್ನ ಪ್ರಬಂಧಕ್ಕೆ ಬೇಕಾಗಿದ್ದ ಒಂದು ತಾಳೆಗರಿಯ ಪ್ರತಿ ಮದರಾಸಿನ ಸರಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದಲ್ಲಿದ್ದಿತು. ಕರ್ನಲ್ ಮೆಕೆಂಜಿಯವರ ಸಂಗ್ರಹವನ್ನು ಬುನಾದಿಯಾಗಿ ಮಾಡಿಕೊಂಡು 1869ರಲ್ಲಿ ಸ್ಥಾಪಿತವಾದ ಈ ಗ್ರಂಥಾಲಯದಲ್ಲಿ ಕನ್ನಡದ ಗರಿಗಳು ವಿಶೇಷವಾಗಿವೆ. ಅಲ್ಲಿಂದ ಮುಂದೆ ತಂಜಾವೂರಿನ ಸರಸ್ವತೀ ಮಹಲ್, ಕುಂಭಕೋಣ, ಅನುಕೂಲವಾದರೆ ಕನ್ಯಾಕುಮಾರಿ ಎಂದು ಯೋಜನೆ. ಪೂಜ್ಯ ಹಿರಿಯ ಗುರುಗಳು ಪ್ರತಿ ಬರೆಸಿಕೊಳ್ಳುವ ಖರ್ಚಿಗೂ ದಾರಿಯ ಖರ್ಚಿಗೂ ಹಣವನ್ನು ಎಣಿಸಿ ಕೊಟ್ಟರು. ರೈಲಿನಲ್ಲಿ ಹೋಗಬಹುದಾಗಿತ್ತು. ಹೋಗಲಿಲ್ಲ, ಏಕೆಂದರೆ ಮಾಸ್ತರರ ಬಳಿ ಬುಲೆಟ್ ಇದ್ದಿತು.

ಮಾಸ್ತರರು ನಮ್ಮ ಮಠದ ವಿದ್ಯಾರ್ಥಿ ನಿಲಯದಲ್ಲಿ ಓದಿ ಬೀದರ ಸೀಮೆಯ ಒಂದು ಹಳ್ಳಿಯ ಶಾಲೆಯಲ್ಲಿ ಶಿಕ್ಷಕರಾಗಿದ್ದವರು. ನನಗಿಂತ ಏಳು ವರ್ಷ ಹಿರಿಯರು. ಅವರ ಹೆಸರನ್ನು ಬರೆಯಬಾರದೆಂದು ಅವರದೇ ಕಟ್ಟಪ್ಪಣೆ. ಅವರ ಬುಲೆಟ್ಟು ತಂದೆಯ ಕಾಲದ್ದು, ಮುನ್ನೂರೈವತ್ತು ಸಿ.ಸಿ.ಯದು. 1955ರಲ್ಲಿ ಮದರಾಸಿನಲ್ಲಿ ಆರಂಭವಾದ ಕಾರ್ಖಾನೆಯ ಗಾಡಿ ಅದು. “ತವರಿಗೆ ಒಮ್ಮೆ ತೋರಿಸಿಕೊಂಡು ಬರೋಣು” ಎಂದು ಅವರು ನಗೆಯಾಡುತ್ತಿದ್ದರು. ಸಂಕ್ರಾಂತಿಗೆ ಕೆಲವು ದಿನ ಮುಂಚೆ ಹೊರಟೆವು. ಕಾವಿಯ ಸೆರಗು ಚಕ್ರಕ್ಕೆ ಸಿಲುಕದಂತೆ ಸೊಂಟಕ್ಕೆ ಬಿಗಿದು, ಪೂಜೆಯ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕುಳಿತ ನನ್ನನ್ನು ದಾರಿಯುದ್ದಕ್ಕೂ ಜನ ನಿಂತು ನೋಡಿದರು. ಕಲಬುರಗಿ, ರಾಯಚೂರು, ಬಳ್ಳಾರಿ, ಚಳ್ಳಕೆರೆ, ಹಿರಿಯೂರುಗಳಲ್ಲಿ ಭಕ್ತರ ಮನೆಯಲ್ಲಿ ಇಳಿದು ಪೂಜೆ ಪ್ರಸಾದಗಳನ್ನು ತೀರಿಸಿಕೊಳ್ಳುತ್ತ ಸುಮಾರು ಏಳುನೂರು ಕಿಲೋಮೀಟರು ಬಂದೆವು. ಅಂದಿನ ರಸ್ತೆಗಳನ್ನು ಇಂದಿನ ತರುಣರಿಗೆ ವರ್ಣಿಸಿ ತಿಳಿಸಲಾಗದು. ಜೆಲ್ಲಿ ಹರಡಿ ಡಾಂಬರಿಗೆ ಕಾದಿದ್ದ ಹಾದಿಯೇ ಅರ್ಧ. ತುಮಕೂರಿನಲ್ಲಿ ಚಹಾದ ಅಂಗಡಿಯ ಮುಂದೆ ಗಾಡಿಯನ್ನು ನಿಲ್ಲಿಸಿದಾಗ ಮಾಸ್ತರರು ಹಿಂದಿನ ಚಕ್ರದ ಮೇಲೆ ಕೈಯಾಡಿಸಿ ಮಾತನಾಡದೆ ನಿಂತರು. ನಡುವಿನ ರಬ್ಬರು ಸವೆದು ಒಂದೆರಡು ಕಡೆ ಒಳಗಿನ ನೂಲು ಹೊರಗೆ ಇಣುಕುತ್ತಿತ್ತು.

ಬೆಂಗಳೂರನ್ನು ಮುಟ್ಟಿದ್ದು ಜನವರಿ 15, ಶನಿವಾರ ಸಂಜೆ. ಇಂದಿರಾನಗರದಲ್ಲಿ ನಮ್ಮ ಮಠದ ಹಳೆಯ ವಿದ್ಯಾರ್ಥಿಯೊಬ್ಬರ ಮನೆ. ಅವರು ಬೈಯಪ್ಪನಹಳ್ಳಿಯ ಎನ್.ಜಿ.ಇ.ಎಫ್. ಕಾರ್ಖಾನೆಯಲ್ಲಿ ಉದ್ಯೋಗದಲ್ಲಿದ್ದರು. ನಮ್ಮ ಕಡೆಯ ಜನ ಬೆಂಗಳೂರು ಎಂದರೆ ಮೆಜೆಸ್ಟಿಕ್ಕು, ಚಿಕ್ಕಪೇಟೆ ಎಂದೇ ತಿಳಿಯುತ್ತಾರೆ. ಪೂರ್ವದ ಈ ಭಾಗ ಬೇರೆಯೇ ಊರು. 1809ರಲ್ಲಿ ಇಂಗ್ಲಿಷರು ತಮ್ಮ ಸೈನ್ಯವನ್ನು ಶ್ರೀರಂಗಪಟ್ಟಣದಿಂದ ಇಲ್ಲಿಗೆ ತಂದು ನೆಲೆಗೊಳಿಸಿದಾಗ ಹುಟ್ಟಿದ ದಂಡುಪ್ರದೇಶ. ಹಳೆಯ ಪೇಟೆಗೂ ಇದಕ್ಕೂ ಬಹುಕಾಲ ಆಡಳಿತವೇ ಬೇರೆಯಾಗಿದ್ದಿತು. ಶಿವಾಜಿನಗರದಲ್ಲಿ ಉರ್ದು, ಹಲಸೂರಿನಲ್ಲಿ ತಮಿಳು, ಸೋಮೇಶ್ವರ ದೇವಾಲಯದ ಬೀದಿಯಲ್ಲಿ ಕನ್ನಡ, ಸೈನಿಕರ ನಡುವೆ ಹಿಂದಿ, ಇಷ್ಟನ್ನೂ ಒಂದು ಗಾವುದದೊಳಗೆ ಕೇಳಬಹುದು.

ಮಾರನೆಯ ದಿನ ಭಾನುವಾರ. ಪೂಜೆ ಮುಗಿಸಿ ಟೈರು ಹುಡುಕಲು ಹೊರಟೆವು. ಬುಲೆಟ್ಟಿನ ಟೈರು ಮೂರೂಕಾಲು ಅಂಗುಲ ಅಗಲದ್ದು, ಹತ್ತೊಂಬತ್ತು ಅಂಗುಲದ ಚಕ್ರಕ್ಕೆ ಕೂಡುವಂಥದು. ಹಲಸೂರಿನಲ್ಲಿ ತೆರೆದಿದ್ದ ಒಂದೆರಡು ಅಂಗಡಿಗಳಲ್ಲಿ ಬಜಾಜ್ ಸ್ಕೂಟರಿನ ಹತ್ತಂಗುಲದವು ಗೋಪುರದಂತೆ ಪೇರಿಸಿದ್ದವು; ಹೊಸದಾಗಿ ಬಂದಿದ್ದ ನೂರು ಸಿ.ಸಿ. ಗಾಡಿಗಳ ಹದಿನೆಂಟು ಅಂಗುಲದವೂ ಇದ್ದವು. ನಮಗೆ ಬೇಕಾದುದು ಇರಲಿಲ್ಲ. ಒಬ್ಬ ಅಂಗಡಿಕಾರರು ಸೌಜನ್ಯದಿಂದ, “ನಾಳೆ ಬೆಳಗ್ಗೆ ಹತ್ತು ಗಂಟೆಗೆ ಬನ್ನಿ ಸ್ವಾಮಿ, ಜೆ.ಸಿ. ರಸ್ತೆಯಿಂದ ತರಿಸಿಕೊಡುತ್ತೇನೆ, ಹೊಸ ಮಾಲು” ಎಂದು ಬೆಲೆಯನ್ನೂ ಹೇಳಿದರು. ಆ ಬೆಲೆ ನನ್ನ ಜೋಳಿಗೆಯಲ್ಲಿದ್ದ ಹಣದ ಕಾಲುಭಾಗಕ್ಕಿಂತ ಹೆಚ್ಚಾಗುತ್ತಿತ್ತು. ಗಾಡಿ ಮಾಸ್ತರರದಾದರೂ ದಾರಿಯ ಖರ್ಚಿನಲ್ಲಿ ಅರ್ಧ ನಾನು ಕೊಡುವುದೆಂದು ಮಾತಾಗಿದ್ದಿತು. ಹಣ ಹೋದರೆ ಪ್ರತಿ ಬರೆಯುವವರಿಗೆ ಕೊಡುವುದೇನು? ಒಂದು ದಿನ ನಿಂತರೆ ಗ್ರಂಥಾಲಯದಲ್ಲಿ ಒಂದು ದಿನ ಕಡಿಮೆಯಾಗುವುದಲ್ಲ? ಆಗ ಈ ಎರಡು ಪ್ರಶ್ನೆಗಳ ಹೊರತು ನನಗೆ ಬೇರೇನೂ ಹೊಳೆಯಲಿಲ್ಲ. ಪಂಕ್ಚರು ಹಾಕುವ ಹುಡುಗನೊಬ್ಬ, ಶಿವಾಜಿನಗರದ ಗುಜರಿ ಭಾನುವಾರವೂ ತೆರೆದಿರುತ್ತದೆ ಎಂದ.

1927ರಲ್ಲಿ ಕಟ್ಟಿದ ರಸೆಲ್ ಮಾರುಕಟ್ಟೆಯ ಮಗ್ಗುಲಿನಿಂದ ಒಳಹೊಕ್ಕರೆ ಅದೊಂದು ಬೇರೆ ಲೋಕ. ಬಿಚ್ಚಿದ ಇಂಜಿನುಗಳು, ಗೇರುಪೆಟ್ಟಿಗೆಗಳು, ಮಡ್‌ಗಾರ್ಡುಗಳು, ಹೆಡ್‌ಲೈಟಿನ ಬಟ್ಟಲುಗಳು, ಸರಪಣಿಗಳು ಗಲ್ಲಿಯ ಎರಡೂ ಕಡೆ ರಾಶಿರಾಶಿಯಾಗಿ ಬಿದ್ದಿದ್ದವು. ಹೊರಗಿನವರಿಗೆ ಅದು ಕಸದ ತಿಪ್ಪೆಯಂತೆ ಕಂಡೀತು. ಆದರೆ ಬೇಕಾದುದನ್ನು ಹೇಳಿದರೆ ಕುಳಿತವರು ಏಳದೆಯೇ ಕೈಚಾಚಿ ತೆಗೆದುಕೊಡುತ್ತಿದ್ದರು. ಗಾಡಿ ಒಳಗೆ ಹೋಗುವಂತಿರಲಿಲ್ಲವಾದ್ದರಿಂದ ಮಾಸ್ತರರು ಅದರೊಡನೆ ಗಲ್ಲಿಯ ತುದಿಯಲ್ಲಿ ನಿಂತರು. ನಾನೊಬ್ಬನೇ ನಡೆದೆ.

ಬಿಳಿಯ ಗಡ್ಡದ ಮುದುಕರೊಬ್ಬರು ಒಂದು ಹಲಗೆಯ ಮೇಲೆ ಕುಳಿತು ಲೆಕ್ಕ ಬರೆಯುತ್ತಿದ್ದರು. ಬೀದರದವನಾದ ನನಗೆ ದಖನಿ ಉರ್ದು ಬಾಲ್ಯದಿಂದಲೂ ಬಾಯಿಗೆ ಬಂದುದು. “ಚಾಚಾ” ಎಂದು ಕರೆದು ಕೇಳಿದೆ. ಕಾವಿ ಉಟ್ಟವನ ಬಾಯಲ್ಲಿ ತಮ್ಮ ಮಾತನ್ನು ಕೇಳಿ ಅವರಿಗೆ ಬಹಳ ಸಂತೋಷವಾಯಿತು. ಕುಳ್ಳಿರಿಸಿದರು, ನೀರು ತರಿಸಿದರು, ಬೀದರದ ಕೋಟೆ ಹೇಗಿದೆ ಎಂದು ಕೇಳಿದರು. ಆಮೇಲೆ ಹಿಂದಿನ ಕೋಣೆಯಿಂದ ಒಂದು ಟೈರನ್ನು ಉರುಳಿಸಿಕೊಂಡು ಬಂದರು. ಸೈನ್ಯದವರ ಹರಾಜಿನಲ್ಲಿ ಬಂದುದಂತೆ. ಓಡಿಯೇ ಇಲ್ಲವೆಂಬಂತೆ ಅದರ ಅಚ್ಚು ಆಳವಾಗಿದ್ದಿತು. ನನಗೆ ನಿಧಿ ಸಿಕ್ಕಷ್ಟು ಹರ್ಷವಾಯಿತು. ಅವರು ಮಾತ್ರ ಅದನ್ನು ಬೆಳಕಿಗೆ ಹಿಡಿದು, ಹೆಬ್ಬೆರಳಿನಿಂದ ಅದರ ಪಕ್ಕೆಯನ್ನು ಒತ್ತಿ ತೋರಿಸಿದರು. ಒಣಗಿದ ಕೆರೆಯ ತಳದಂತೆ ಅಲ್ಲಿ ಕೂದಲೆಳೆಯ ಬಿರುಕುಗಳು ಕಂಡವು.

“ಎಲ್ಲಿಗೆ ಹೊರಟಿರಿ ಮಹಾರಾಜ್? ಊರೊಳಗೆ ತಿರುಗಾಡಲು ಇದು ನಡೆದೀತು. ದೂರ್ ನಕ್ಕೋ. ಬಹಳ ವರ್ಷ ಕುಳಿತ ಮಾಲು ಇದು. ಮದರಾಸಿನ ಕಡೆ ಹೋಗುವವರಾದರೆ ನಾನು ಕೊಡುವುದಿಲ್ಲ.”

ನಾನು ಹೇಳಿದೆ: “ಹೊಸಕೋಟೆಯವರೆಗೆ ಮಾತ್ರ ಚಾಚಾ. ಅಲ್ಲಿ ಒಂದು ಕಾರ್ಯಕ್ರಮವಿದೆ. ಸಂಜೆ ಹಿಂದಿರುಗುತ್ತೇವೆ.”

ಈ ಮಾತನ್ನು ಹೇಳಲು ನನಗೆ ಒಂದು ಕ್ಷಣದ ಅಳುಕೂ ಆಗಲಿಲ್ಲವೆಂಬುದು ಇಂದು ನನ್ನನ್ನು ಹೆಚ್ಚು ಕಾಡುತ್ತದೆ. ಅವರು ನಂಬಿದರು. ನಂಬಿದ್ದು ನನ್ನನ್ನಲ್ಲ, ನಾನು ಉಟ್ಟ ಬಟ್ಟೆಯನ್ನು. ಅಷ್ಟೇ ಅಲ್ಲ, ನಾನು ಕೊಟ್ಟ ಹಣದಲ್ಲಿ ಒಂದು ಭಾಗವನ್ನು ಹಿಂದಕ್ಕೆ ಕೊಟ್ಟು, “ಫಕೀರರ ಕೈಯಿಂದ ಲಾಭ ತೆಗೆದುಕೊಳ್ಳಬಾರದು” ಎಂದರು. ಅದನ್ನೂ ತೆಗೆದುಕೊಂಡು ಬಂದೆ.

ಹಲಸೂರಿನ ಪಂಕ್ಚರು ಅಂಗಡಿಯಲ್ಲಿ ಚಕ್ರ ಬಿಚ್ಚಿಸಿ, ಟ್ಯೂಬಿಗೆ ಬಿಳಿಯ ಪುಡಿ ಹಚ್ಚಿಸಿ, ಹೊಸ ಟೈರನ್ನು ಕೂಡಿಸಿದೆವು. ‘ಹೊಸ’ ಎಂದು ಈಗಲೂ ಕೈ ತಾನಾಗಿ ಬರೆಯಿತು, ನೋಡಿ. ಆ ಹುಡುಗನೂ ಪಟ್ಟಿ ಹಾಕಿ ಎಬ್ಬುವಾಗ, ರಬ್ಬರು ಗಟ್ಟಿಯಾಗಿದೆ ಎಂದು ಗೊಣಗಿದ. ಗಾಡಿ ನಿಂತಾಗ ಅದು ಅತಿ ಸುಂದರವಾಗಿ ಕಂಡಿತು.

ಸೋಮವಾರ ಬೆಳಿಗ್ಗೆ ಹಳೆಯ ಮದರಾಸು ರಸ್ತೆಯಲ್ಲಿ ಹೊರಟೆವು. ಎನ್.ಜಿ.ಇ.ಎಫ್., ಟಿನ್ ಫ್ಯಾಕ್ಟರಿ, ದೂರವಾಣಿನಗರದ ಐ.ಟಿ.ಐ., ಕೆ.ಆರ್. ಪುರ, ಹೀಗೆ ಒಂದೊಂದಾಗಿ ಹಿಂದೆ ಸರಿದವು. ಇಂದಿನ ತೂಗುಸೇತುವೆ ಆಗ ಇರಲಿಲ್ಲ, ಕೆ.ಆರ್. ಪುರ ದಾಟಿದರೆ ತೋಟ, ಕೆರೆ, ಇಟ್ಟಿಗೆಯ ಗೂಡು. ಹೊಸಕೋಟೆಯ ದೊಡ್ಡ ಕೆರೆಯ ಬಳಿ ಬಂದಾಗ ನನ್ನ ಸುಳ್ಳು ನೆನಪಿಗೆ ಬಂದು, ‘ಇಲ್ಲಿಯವರೆಗೆ ಹೇಳಿದ್ದು ನಿಜವಾಯಿತಲ್ಲ’ ಎಂದು ಮನಸ್ಸಿನಲ್ಲೇ ವಿನೋದ ಮಾಡಿಕೊಂಡೆ. ಕೋಲಾರದಲ್ಲಿ ಎಳನೀರು ಕುಡಿದೆವು. ಕೋಲಾರ ದಾಟಿ ಮುಳಬಾಗಿಲಿನ ಬೆಟ್ಟಗಳು ಕಾಣತೊಡಗಿದಾಗ ಹೊತ್ತು ನೆತ್ತಿಗೇರಿದ್ದಿತು. ಕೋವಿ ಹಾರಿದಂತೆ ಒಂದು ಸದ್ದಾಯಿತು. ಗಾಡಿ ಹಾವಿನಂತೆ ಎರಡು ಸಾರಿ ಹೊರಳಿತು. ನಾನು ಮಣ್ಣಿನ ಮೇಲೆ ಬಿದ್ದು, ಮೊಣಕೈ ತರಚಿಕೊಂಡು ಎದ್ದು ನಿಂತೆ. ಮಾಸ್ತರರ ಎಡಗಾಲು ನೂರ ಅರವತ್ತು ಕಿಲೋಗಿಂತ ಹೆಚ್ಚು ಭಾರದ ಆ ಗಾಡಿಯ ಕೆಳಗಿದ್ದಿತು.

ಲಾರಿಯವರು ಕೋಲಾರಕ್ಕೆ ಸೇರಿಸಿದರು. ಇಂದಿರಾನಗರದ ಆ ಪುಣ್ಯಾತ್ಮರು ಅದೇ ರಾತ್ರಿ ಬಂದು ಬೆಂಗಳೂರಿಗೆ ಕರೆದೊಯ್ದರು. ಮಂಡಿಯ ಚಿಪ್ಪು ಮೂರು ಚೂರಾಗಿತ್ತು. ಶಸ್ತ್ರಚಿಕಿತ್ಸೆಗೂ ಔಷಧಕ್ಕೂ ತಾಳೆಗರಿಯ ಪ್ರತಿಗೆಂದು ನಾನು ಉಳಿಸಿದ ಹಣವೆಲ್ಲವೂ ಹೋಯಿತು, ಮೇಲೆ ಮಠದಿಂದಲೂ ತರಿಸಬೇಕಾಯಿತು. ಮೂರು ತಿಂಗಳ ನಂತರ ಅವರು ಕೋಲೂರಿ ನಡೆದರು. ಆದರೆ ಮಂಡಿ ಮಡಿಚುವುದಿಲ್ಲ. ಅಂದಿನಿಂದ ಇಂದಿನವರೆಗೆ ಅವರು ನೆಲದ ಮೇಲೆ ಆಸನ ಹಾಕಿ ಲಿಂಗಪೂಜೆಗೆ ಕುಳಿತಿಲ್ಲ. ಕುರ್ಚಿಯ ಮೇಲೆ ಕುಳಿತು, ಎಡಗಾಲನ್ನು ಎದುರಿನ ಮಣೆಯ ಮೇಲೆ ಚಾಚಿಕೊಂಡೇ ಪೂಜೆ ಮಾಡಿಕೊಳ್ಳುತ್ತಾರೆ. ಪಂಕ್ತಿಯಲ್ಲಿ ಪ್ರಸಾದಕ್ಕೂ ಕೂರಲಾರರು. ಮಠದಲ್ಲಿ ಅವರಿಗಾಗಿ ಒಂದು ಕಡೆ ಕುರ್ಚಿಯನ್ನು ಇಟ್ಟಿರುವುದನ್ನು ಹಳೆಯ ವಿದ್ಯಾರ್ಥಿಗಳು ಎಲ್ಲರೂ ನೋಡಿದ್ದೀರಿ. ಕಾರಣವನ್ನು ಯಾರೂ ಕೇಳಿಲ್ಲ.

ಹಿರಿಯ ಗುರುಗಳು ಒಮ್ಮೆ ಮಾತ್ರ ಕೇಳಿದರು: “ಟೈರು ಹೇಗಿದ್ದಿತು?” “ಅಚ್ಚು ಹೊಸದರಂತೆಯೇ ಇದ್ದಿತು ಗುರುಗಳೆ” ಎಂದೆ. ಅಕ್ಷರಶಃ ನಿಜ. ತರ್ಕಶಾಸ್ತ್ರವನ್ನು ಓದಿದ್ದರ ಫಲ.

ಮದರಾಸಿಗೆ ಮರುವರ್ಷ ರೈಲಿನಲ್ಲಿ ಹೋದೆ. ಪ್ರತಿಯೂ ಸಿಕ್ಕಿತು, ಪ್ರಬಂಧವೂ ಆಯಿತು, ಪದವಿಯೂ ಬಂದಿತು. ಕೃತಜ್ಞತೆಯ ಪುಟದಲ್ಲಿ ‘ಪಯಣದಲ್ಲಿ ಜೊತೆಯಾದ ಮಿತ್ರರಿಗೆ’ ಎಂದು ಒಂದು ಸಾಲನ್ನು ಬರೆದು ತೃಪ್ತನಾದೆ.

ಆದರೂ ರಬ್ಬರನ್ನು ಕುರಿತು ಓದುವ ಒಂದು ಚಟ ಅಂಟಿಕೊಂಡಿತು. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಎಂಬ ಅಮೆರಿಕದವರು ಹಸಿ ರಬ್ಬರಿಗೆ ಗಂಧಕವನ್ನು ಬೆರೆಸಿ ಕಾಯಿಸಿದರೆ ಅದು ಗಟ್ಟಿಯೂ ಸ್ಥಿತಿಸ್ಥಾಪಕವೂ ಆಗುವುದನ್ನು ಕಂಡರು. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಡನ್‌ಲಪ್ ತಮ್ಮ ಮಗನ ಮೂರುಗಾಲಿಯ ಸೈಕಲ್ಲಿಗೆ ಗಾಳಿ ತುಂಬಿದ ಟೈರನ್ನು ಮಾಡಿದರು. ಇವೆಲ್ಲ ಎಲ್ಲರೂ ಬಲ್ಲ ಸಂಗತಿ. ನನಗೆ ಬೇಕಾದುದು ಬೇರೆ. ಓಡದೆ ಇದ್ದ ಟೈರು ಏಕೆ ಸಿಡಿಯಿತು? ಗಾಳಿಯಲ್ಲಿರುವ ಓಜೋನ್ ಎಂಬ ಅನಿಲ ರಬ್ಬರಿನ ಎಳೆಗಳನ್ನು ಕತ್ತರಿಸುತ್ತದೆ. ಬಿಸಿಲೂ ಸೆಕೆಯೂ ಆ ಕೆಲಸಕ್ಕೆ ನೆರವಾಗುತ್ತವೆ. ಇದನ್ನು ತಡೆಯಲು ತಯಾರಕರು ರಬ್ಬರಿನಲ್ಲಿ ಒಂದು ಬಗೆಯ ಮೇಣವನ್ನೂ ಕೆಲವು ರಾಸಾಯನಿಕಗಳನ್ನೂ ಬೆರೆಸುತ್ತಾರೆ. ಟೈರು ಉರುಳುವಾಗ ಬಾಗಿ ಬಳುಕಿ ಆ ಮೇಣ ಮೇಲ್ಮೈಗೆ ಒಸರಿ ಕವಚವಾಗುತ್ತದೆ. ಕುಳಿತೇ ಇರುವ ಟೈರಿನಲ್ಲಿ ಅದು ಹಾಗೆ ಮೇಲೆ ಬಾರದು. ಆದ್ದರಿಂದ ಚಲಿಸುವುದಕ್ಕಿಂತ ಸ್ಥಿರವಾಗಿ ನಿಂತದ್ದೇ ಬೇಗ ಬಿರಿಯುತ್ತದೆ. ಸ್ಥಾವರ ಜಂಗಮಗಳ ವಿಚಾರವನ್ನು ಬಲ್ಲ ನಮ್ಮ ವಾಚಕರು ಇಲ್ಲಿ ನಸುನಗಬಹುದು. ನಾನೂ ಓದಿದಾಗ ನಕ್ಕೆ. ಇನ್ನೊಂದು ಸಂಗತಿ. 2000ದಿಂದ ಈಚೆಗೆ ಟೈರಿನ ಪಕ್ಕೆಯ ಮೇಲೆ, ಅದು ತಯಾರಾದ ಕಾಲವನ್ನು ನಾಲ್ಕು ಅಂಕಿಗಳಲ್ಲಿ ಒತ್ತುತ್ತಾರೆ: ಮೊದಲೆರಡು ವಾರ, ಕೊನೆಯೆರಡು ವರ್ಷ. ಅದಕ್ಕೆ ಮುಂಚೆ ಮೂರೇ ಅಂಕಿ ಒತ್ತುತ್ತಿದ್ದರು. ವರ್ಷದ ಕೊನೆಯ ಅಂಕಿ ಮಾತ್ರವಿದ್ದುದರಿಂದ ಹತ್ತು ವರ್ಷ ಹಳೆಯದಕ್ಕೂ ಇಂದಿನದಕ್ಕೂ ಭೇದ ತಿಳಿಯುವುದು ಕಷ್ಟವಾಗಿದ್ದಿತು. ಆದರೆ ಇದು ನನಗೆ ನೆಪವಾಗದು. ನನಗೆ ಅಂಕಿ ಬೇಕಾಗಿರಲಿಲ್ಲ. ಬಲ್ಲವರೊಬ್ಬರು ಬೆರಳಿಟ್ಟು ತೋರಿಸಿದ್ದರು.

ಇಪ್ಪತ್ತೊಂಬತ್ತು ವರ್ಷ ಕಳೆಯಿತು. ಮಾಸ್ತರರ ಮಗ ಓದಿ ಜರ್ಮನಿಯಲ್ಲಿ ಉದ್ಯೋಗಕ್ಕೆ ಸೇರಿದ. ಅವನ ಜೊತೆಯ ಕೆಲಸಗಾರ, ಒಬ್ಬ ಜರ್ಮನ್ ತರುಣ, ತನ್ನ ಮೋಟಾರ್ ಸೈಕಲ್ಲಿನಲ್ಲಿ ತುರ್ಕಿ, ಇರಾನ್, ಪಾಕಿಸ್ತಾನಗಳನ್ನು ದಾಟಿ ಅಟಾರಿಯ ಮೂಲಕ ಭಾರತಕ್ಕೆ ಬಂದು, 2023ರ ಜನವರಿಯಲ್ಲಿ ನಮ್ಮ ಮಠಕ್ಕೂ ಬಂದ. ಎರಡು ದಿನ ದಾಸೋಹದಲ್ಲಿ ರೊಟ್ಟಿ ಪುಂಡಿಪಲ್ಯ ತಿಂದು ಸುಖವಾಗಿದ್ದ. ಅವನ ಗಾಡಿ ನಲವತ್ತು ವರ್ಷ ಹಳೆಯ ಬಿ.ಎಂ.ಡಬ್ಲ್ಯೂ. ಹಿಂದಿನ ಟೈರನ್ನು ನೋಡಿದೆ. ನಡುವೆ ನೂಲು ಇಣುಕುತ್ತಿತ್ತು.

ಅವನಿಗೆ ಕಾಲಾವಕಾಶವೂ ಇರಲಿಲ್ಲ. ಹೊರದೇಶದ ವಾಹನವನ್ನು ಸುಂಕವಿಲ್ಲದೆ ತರಲು ಕಾರ್ನೆ ಎಂಬ ರಹದಾರಿ ಪುಸ್ತಕವುಂಟು. ಅದರ ಮೇಲೆ ವಾಹನವನ್ನು ಆರು ತಿಂಗಳೊಳಗೆ ದೇಶದಿಂದ ಹೊರಗೆ ಒಯ್ಯಬೇಕು, ಇಲ್ಲವಾದರೆ ಒತ್ತೆಯಿಟ್ಟ ಹಣಕ್ಕೆ ಕುತ್ತು. ಅವನು ಬೆಂಗಳೂರು, ಚೆನ್ನೈ, ಪೂರ್ವ ಕರಾವಳಿ, ಕೋಲ್ಕತ್ತ ಹಿಡಿದು ನೇಪಾಳಕ್ಕೆ ಹೋಗಬೇಕಾಗಿದ್ದಿತು. ಮಾಸ್ತರರು ಆಗ ತಾನೇ ನಿವೃತ್ತರಾಗಿದ್ದರು. “ಬೆಂಗಳೂರಾಗ ಟೈರ್ ಕೊಡಿಸಿ ಕಳಿಸೋಣು, ತಾವೂ ಬರ್ರಿ” ಎಂದರು. ಅವರು ಕರೆದದ್ದು ಸಹಜವಾಗಿಯೇ. ನನಗೆ ಅದು ಹಾಗೆ ಕೇಳಿಸಲಿಲ್ಲ.

ಅದೇ ಇಂದಿರಾನಗರದ ಮನೆಯಲ್ಲಿ ಇಳಿದೆವು. ಮನೆಯ ಯಜಮಾನರಿಗೆ ಈಗ ಎಂಬತ್ತರ ಹತ್ತಿರ. ಅವರ ಕಾರ್ಖಾನೆ ಮುಚ್ಚಿ ಎರಡು ದಶಕಗಳಾದವು. ನೂರಡಿ ರಸ್ತೆಯ ಕಡೆ ದೊಡ್ಡ ಗಾಡಿಗಳ ಅಂಗಡಿಯೊಂದರಲ್ಲಿ ವಿಚಾರಿಸಿದರೆ, ಆ ಹುಡುಗ ಬಯಸಿದ ವಿದೇಶದ ಟೈರು ತಕ್ಷಣ ಸಿಗದು ಎಂದರು. 2020ರ ಜೂನಿನಲ್ಲಿ ಕೇಂದ್ರ ಸರಕಾರ ಹೊಸ ಟೈರುಗಳ ಆಮದಿಗೆ ಪರವಾನಗಿಯ ನಿರ್ಬಂಧವನ್ನು ಹಾಕಿದ್ದರಿಂದ ಅವು ವಿರಳವಾಗಿದ್ದವು. ಹುಡುಗ ಮಂಕಾದ. ಹಲಸೂರಿನ ಒಬ್ಬ ಮೆಕ್ಯಾನಿಕ್ ಕೇಳಿ ನಕ್ಕ. ಇವನ ಮುಂಚಕ್ರ ಇಪ್ಪತ್ತೊಂದು ಅಂಗುಲದ್ದು, ಮೂರಂಗುಲದ ಟೈರು. 2016ರಲ್ಲಿ ಬಂದ ನಮ್ಮ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಗಾಡಿಗೂ ಮುಂದೆ ಇಪ್ಪತ್ತೊಂದೇ. ಅದರ ಟೈರಿನ ಮೇಲೆ 90/90-21 ಎಂದಿರುತ್ತದೆ. ತೊಂಬತ್ತು ಮಿಲಿಮೀಟರು ಅಗಲ, ಅಗಲದ ಶೇಕಡಾ ತೊಂಬತ್ತರಷ್ಟು ಎತ್ತರ. ಹಳೆಯ ಲೆಕ್ಕದ ಮೂರಂಗುಲಕ್ಕೆ ಸಮ. ಹಿಂದಿನದು ನಾಲ್ಕಂಗುಲದ್ದು, ಹದಿನೆಂಟರ ಚಕ್ರ. ಬುಲೆಟ್ಟಿನ ಈಚಿನ ಮಾದರಿಗಳ 110/90-18 ಅದಕ್ಕೆ ಕೂಡುತ್ತದೆ. ವೇಗವನ್ನು ಸೂಚಿಸುವ ಅಕ್ಷರ ಕೆಳಗಿನದು, ಆದರೆ ನಮ್ಮ ರಸ್ತೆಯಲ್ಲಿ ನೂರನ್ನು ದಾಟಿಸದಿದ್ದರೆ ಚಿಂತೆಯಿಲ್ಲ ಎಂದ. ಹೀಗೆ ಜರ್ಮನಿಯ ಆ ಗಾಡಿಗೆ ಬುಲೆಟ್ಟಿನ ಟೈರು ಒದಗಿತು.

ಅಂಗಡಿಯಲ್ಲಿ ಎರಡನ್ನೂ ತಂದಿಟ್ಟಾಗ ನಾನು ಕುರ್ಚಿಯಿಂದ ಎದ್ದು, ನೆಲದ ಮೇಲೆ ಮಂಡಿಯೂರಿ, ಕನ್ನಡಕವನ್ನು ಸರಿಪಡಿಸಿಕೊಂಡು ಅಂಕಿಯನ್ನು ಹುಡುಕಿದೆ. ಹಿಂದಿನದು 3622, ಎಂದರೆ 2022ರ ಮೂವತ್ತಾರನೆಯ ವಾರ. ಮುಂದಿನದು 0820. ಇದು ಬೇಡ, ಬೇರೆ ತನ್ನಿ ಎಂದೆ. ಅಂಗಡಿಯವರು, “ಮೂರು ವರ್ಷ ಏನೂ ಅಲ್ಲ ಸ್ವಾಮೀಜಿ, ನೆರಳಿನಲ್ಲಿಟ್ಟಿದ್ದು, ಒಂದು ಬಿರುಕು ತೋರಿಸಿ ನೋಡೋಣ” ಎಂದರು. ಅವರ ಮಾತು ಸರಿಯೇ. ಮೂರು ವರ್ಷದ ಟೈರಿನಲ್ಲಿ ದೋಷವಿರಲಿಲ್ಲ. ಆದರೂ ನಾನು ಒಪ್ಪಲಿಲ್ಲ. ಸ್ವಲ್ಪ ಗಟ್ಟಿಯಾಗಿಯೇ ಮಾತನಾಡಿದೆನೆಂದು ಕಾಣುತ್ತದೆ, ಬೀದಿಯ ಜನ ತಿರುಗಿ ನೋಡಿದರು. ಕೊನೆಗೆ ಗೋದಾಮಿನಿಂದ ಬೇರೆಯದನ್ನು ತರಲು ಹುಡುಗನನ್ನು ಕಳುಹಿಸಿದರು. ಒಂದು ಗಂಟೆ ಹಿಡಿಯುತ್ತದೆಂದರು. ಮಾಸ್ತರರು ನನ್ನ ತೋಳನ್ನು ಹಿಡಿದು, ಕೆರೆಯ ಕಡೆ ಹೋಗಿ ಕುಳಿತುಕೊಳ್ಳೋಣವೆಂದರು.

ಹಲಸೂರು ಕೆರೆಯ ದಂಡೆಯ ಕಲ್ಲಿನ ಆಸನದ ಮೇಲೆ ಅವರು ಎಡಗಾಲನ್ನು ಚಾಚಿ ಕುಳಿತರು. ಅಲ್ಲಿ ಹೇಳಿದೆ. ಚಾಚಾ ಹೇಳಿದ್ದನ್ನೂ, ನಾನು ಹೊಸಕೋಟೆ ಎಂದದ್ದನ್ನೂ, ಹಿಂದಕ್ಕೆ ಕೊಟ್ಟ ಹಣವನ್ನು ಜೋಳಿಗೆಗೆ ಹಾಕಿಕೊಂಡದ್ದನ್ನೂ, ಗುರುಗಳಿಗೆ ಕೊಟ್ಟ ಉತ್ತರವನ್ನೂ ಹೇಳಿದೆ. ಅವರು ಕೆರೆಯನ್ನೇ ನೋಡುತ್ತಿದ್ದರು.

“ಅಪ್ಪಾರೆ,” ಎಂದರು, “ನಾ ಏನು ಮೈಸೂರು ಸೀಮ್ಯಾಂವೇನ್ರಿ? ನಾನೂ ಬೀದರದಾಂವ. ನನಗ ಉರ್ದು ಬರಂಗಿಲ್ಲೇನು? ಆ ಮುದುಕ ‘ದೂರ್ ನಕ್ಕೋ’ ಅಂದದ್ದು ಗಲ್ಲಿ ತುದೀಗೆ ನಿಂತ ನನಗೂ ಕೇಳಿಸಿತ್ತು. ತಾವು ಹೊಸಕೋಟಿ ಅಂದದ್ದೂ ಕೇಳಿಸಿತ್ತು.”

ನನಗೆ ಸ್ವಲ್ಪ ಹೊತ್ತು ಮಾತೇ ಹೊರಡಲಿಲ್ಲ. “ಹಾಗಾದರೆ ಏಕೆ ತಡೆಯಲಿಲ್ಲ ಮಾಸ್ತರೆ?” ಎಂದೆ.

“ಕಾವಿ ಹಾಕ್ಕೊಂಡವರು ಸುಳ್ಳು ಹೇಳಾಕತ್ಯಾರ ಅಂತ ನಾ ನಡಕ ಬಾಯಿ ಹಾಕಿದ್ರ, ಆ ಮುದುಕನ ಮುಂದ ತಮ್ಮ ಮಾನ ಏನಾಗ್ತಿತ್ತು? ಅದೊಂದು.” ಸ್ವಲ್ಪ ತಡೆದು ಮುಂದುವರಿಸಿದರು. “ಅದೊಂದೇ ಅಲ್ರಿ. ಹೊಸಾ ಟೈರ್ ತಗೊಂಡ್ರ ಅರ್ಧ ರೊಕ್ಕ ನಂದೂ ಹೋಗೂದಿತ್ತು. ಆ ತಿಂಗಳ ಪಗಾರ ಮನೀಗೆ ಕೊಟ್ಟು ಬಂದಿದ್ದೆ. ನಾನೂ ಸುಮ್ಮನಾದೆ. ತಾವೊಬ್ಬರೇ ಹೊತ್ಕೊಂಡು ತಿರುಗ್ಯಾಡೂದು ಬ್ಯಾಡ.”

“ಇಷ್ಟು ವರ್ಷ ಹೇಳಲಿಲ್ಲ” ಎಂದೆ.

“ತಾವೂ ಹೇಳಲಿಲ್ಲಲ್ರಿ” ಎಂದರು.

ಆ ಒಂದು ಗಂಟೆ ನಾವು ಮತ್ತೇನು ಮಾತನಾಡಿದೆವೆಂಬುದು ನೆನಪಿಲ್ಲ. ಅಂಗಡಿಯ ಹುಡುಗ ಬಂದು ಕರೆದ. ಹೊಸ ಟೈರಿನ ಅಂಕಿ 4122. ಈ ಸಾರಿ ಮಾಸ್ತರರು ಬಾಗಲಾರದೆ, ಕೋಲಿನ ತುದಿಯಿಂದ ತೋರಿಸಿ ಓದಿಸಿಕೊಂಡರು.

ಸಂಜೆ ಇಬ್ಬರೂ ಆಟೋದಲ್ಲಿ ಶಿವಾಜಿನಗರಕ್ಕೆ ಹೋದೆವು. ಆ ಹಿರಿಯರು ಇರುವ ಸಂಭವ ಕಡಿಮೆಯೆಂಬುದು ಗೊತ್ತಿದ್ದಿತು. ಅವರ ಮಕ್ಕಳಾದರೂ ಇರಬಹುದೆಂದು ಆಸೆ. ಸುರಂಗದ ಮೆಟ್ರೋ ನಿಲ್ದಾಣಕ್ಕಾಗಿ ಅಲ್ಲಿ ತಗಡಿನ ಬೇಲಿ ಕಟ್ಟಿ ನೆಲವನ್ನು ಅಗೆದಿದ್ದರು. ರಸೆಲ್ ಮಾರುಕಟ್ಟೆ ಇದ್ದಿತು, ಸೇಂಟ್ ಮೇರಿ ಚರ್ಚಿನ ಗೋಪುರ ಇದ್ದಿತು, ಗುಜರಿಯ ಗಲ್ಲಿಗಳೂ ಇದ್ದವು. ಆದರೆ ನಾನು ಹೊಕ್ಕ ಗಲ್ಲಿ ಯಾವುದೆಂದು ಗುರುತು ಹತ್ತಲಿಲ್ಲ. ಮೂರು ನಾಲ್ಕು ಕಡೆ ಕೇಳಿದೆವು. ಬಿಳಿಯ ಗಡ್ಡದ ಮುದುಕರು ಎಂದರೆ ಆ ಗಲ್ಲಿಗಳಲ್ಲಿ ಯಾರೆಂದು ಹೇಳಲಾದೀತು? ಹೆಸರನ್ನು ನಾನು ಅಂದು ಕೇಳಿರಲಿಲ್ಲ. ಒಬ್ಬ ಅಂಗಡಿಯವರು ನಮ್ಮಿಬ್ಬರ ವಯಸ್ಸನ್ನೂ ಮಾಸ್ತರರ ಕಾಲನ್ನೂ ನೋಡಿ ಕುರ್ಚಿ ಹಾಕಿ ಚಹಾ ತರಿಸಿದರು. ಯಾವ ಟೈರು ಬೇಕು ಎಂದು ಕೇಳಿದರು. ಏನೂ ಬೇಡವೆಂದು ಹೇಳಿ ಚಹಾ ಕುಡಿದು ಬಂದೆವು.

ಮರುದಿನ ನಸುಕಿನಲ್ಲಿ ಆ ಜರ್ಮನ್ ತರುಣನನ್ನು ಕೆ.ಆರ್. ಪುರದವರೆಗೆ ಹೋಗಿ ಬೀಳ್ಕೊಟ್ಟೆವು. ತೂಗುಸೇತುವೆಯ ಆಚೆ ಗಾಡಿಯನ್ನು ನಿಲ್ಲಿಸಿ ನಮಸ್ಕಾರ ಮಾಡಿದ. ಮಾಸ್ತರರು ಹಿಂದಿನ ಟೈರನ್ನು ಕೋಲಿನಿಂದ ಎರಡು ಸಾರಿ ತಟ್ಟಿ ನೋಡಿ, ಬಿಸಿಲೇರುವ ಹೊತ್ತಿಗೆ ಒಮ್ಮೆ ನಿಲ್ಲಿಸಿ ತಣ್ಣಗಾಗಲು ಬಿಡಬೇಕೆಂದೂ ಮುಳಬಾಗಿಲು ದಾಟಿದ ಕೂಡಲೆ ತಿಳಿಸಬೇಕೆಂದೂ ತಮಗೆ ತಿಳಿದ ಇಂಗ್ಲಿಷಿನಲ್ಲಿ ಹೇಳಿದರು. ಮುಳಬಾಗಿಲೇ ಏಕೆ ಎಂದು ಅವನು ಕೇಳಲಿಲ್ಲ.

ಮನೆಗೆ ಹಿಂದಿರುಗಿ ಸ್ನಾನ ಪೂಜೆಗಳಾದವು. ಪ್ರಸಾದಕ್ಕೆ ಕರೆದರೆ ಮಾಸ್ತರರು ಏಳಲಿಲ್ಲ. ದೂರವಾಣಿಯನ್ನು ಮಂಡಿಯ ಮೇಲಿಟ್ಟುಕೊಂಡು ಪಡಸಾಲೆಯಲ್ಲಿ ಕುಳಿತೇ ಇದ್ದರು. ಮನೆಯ ತಾಯಿಯವರು ಎರಡು ಸಾರಿ ಬಂದು ಹೋದರು. ನಾನೂ ಎದುರಿಗೆ ಕುಳಿತೆ. ಹನ್ನೊಂದೂವರೆಯ ಸುಮಾರಿಗೆ ಸಂದೇಶ ಬಂದಿತು: ಮುಳಬಾಗಿಲು ದಾಟಿದೆ, ಎಲ್ಲವೂ ಸರಿಯಾಗಿದೆ. ಮಾಸ್ತರರು ಅದನ್ನು ನನಗೆ ತೋರಿಸಿ, ಕೋಲನ್ನು ಊರಿ, “ನಡೀರಿ ಅಪ್ಪಾರೆ, ಪ್ರಸಾದ ಆರಾಕತ್ತದ” ಎಂದು ಎದ್ದರು.